ಪ್ರಾಂಶುಪಾಲರ ಬಾಗಿಲು

ನಮ್ಮ ಶಾಲೆಯಲ್ಲಿ ನಗು ಬರುವಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಆಗುವ ಹೊತ್ತಿನಲ್ಲಿ ಯಾರಿಗೂ ನಗು ಬರುವುದಿಲ್ಲ, ಅದೊಂದೇ ತೊಂದರೆ. ನಾನು ಗಣಿತ ಕಲಿಸುವವಳು, ಬರೆದು ಅಭ್ಯಾಸವಿಲ್ಲ. ಲೆಕ್ಕದಲ್ಲಿ ಹಂತ ಬಿಟ್ಟರೆ ಅಂಕ ಕಳೆಯುವವರು ನಾವು, ಹಾಗಾಗಿ ಇಲ್ಲೂ ಹಂತ ಬಿಡದೆ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಶಾಲೆ ಇರುವುದು ಹೆಬ್ಬಗೋಡಿಯ ಒಂದು ಬಾಡಿಗೆ ಕಟ್ಟಡದಲ್ಲಿ. ಒಂದು ಟ್ರಸ್ಟಿನ ಸಣ್ಣ ಹೈಸ್ಕೂಲು. ಸಣ್ಣದು ಅಂದರೆ ಬೇಕೆಂದೇ ಸಣ್ಣದು. ಗಾರ್ಮೆಂಟ್ಸಿನವರ, ಸೆಕ್ಯುರಿಟಿಯವರ, ಮನೆಗೆಲಸದವರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿಕೊಂಡು ಕಾಲೇಜಿನವರೆಗೆ ಮುಟ್ಟಿಸಬೇಕು ಎನ್ನುವುದು ಸ್ಥಾಪಕರ ಆಸೆ. ಅವರನ್ನು ನಾವು ಸಾರ್ ಅನ್ನುತ್ತೇವೆ. ಶಾಲೆಯ ಮುಖ್ಯಸ್ಥೆಯನ್ನು ದೊಡ್ಡ ಮಿಸ್ ಅನ್ನುತ್ತೇವೆ. ಇವರಿಬ್ಬರನ್ನು ನೆನಪಿಟ್ಟುಕೊಂಡರೆ ಸಾಕು.

ನಗುತ್ತಿರುವ ಸಾರ್

ಹುಡುಗಿಯರಿಗೆ ಇರುವುದು ಒಂದೇ ಶೌಚಾಲಯ, ಅಂಗಳದ ಮೂಲೆಯಲ್ಲಿ. ಒಳಗೆ ನಲ್ಲಿ ಇಲ್ಲ, ಹೊರಗಿನಿಂದ ಬಕೆಟ್ ತುಂಬಿಸಿಕೊಂಡು ಹೋಗಬೇಕು. ಅದರ ಬಾಗಿಲು ಬುಡದಲ್ಲಿ ಕೊಳೆತು ಒಂದು ದಿನ ಕಳಚಿ ಬಿತ್ತು. ಆ ಜಾಗಕ್ಕೆ ವಾರ್ಷಿಕೋತ್ಸವದ ಹಳೇ ಫ್ಲೆಕ್ಸ್ ಇಳಿಬಿಟ್ಟೆವು. ಫ್ಲೆಕ್ಸಿನ ತುಂಬ ಸಾರ್ ಅವರ ಫೋಟೋ, ಕೈಮುಗಿದು ನಗುತ್ತಿರುವುದು. ಮುಖ ಹೊರಗೆ ಮಾಡಿದರೆ ಸಾರ್‌ಗೆ ಅವಮಾನ ಎಂದು ಒಳಗೆ ಮಾಡಿದೆವು.

ಮಾರನೇ ದಿನ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ನನ್ನ ವಿಷಯದಲ್ಲಿ ಅವಳಷ್ಟು ಚುರುಕು ಇನ್ನೊಬ್ಬರಿರಲಿಲ್ಲ.

"ಮಿಸ್, ಒಳಗೆ ಕೂತ್ರೆ ಸಾರ್ ನೋಡ್ತಾರೆ."

"ಫೋಟೋ ಕಣೇ ಅದು."

"ಗಾಳಿ ಬಂದ್ರೆ ಫೋಟೋ ಪಕ್ಕಕ್ಕೆ ಹೋಗುತ್ತೆ ಮಿಸ್. ಆಮೇಲೆ ಎಲ್ಲಾರೂ ನೋಡ್ತಾರೆ."

ಅಂದಿನಿಂದ ಅವಳು ಶಾಲೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಳು. ಆಮೇಲೆ ಮಧ್ಯಾಹ್ನ ಮನೆಗೆ ಹೋಗತೊಡಗಿದಳು. ಹೋದವಳು ವಾಪಸ್ ಬರುತ್ತಿರಲಿಲ್ಲ. ಅವಳೊಬ್ಬಳೇ ಅಲ್ಲ, ಇನ್ನೂ ಕೆಲವರು. ಮಧ್ಯಾಹ್ನದ ನನ್ನ ಕ್ಲಾಸಿಗೆ ತಪ್ಪದೆ ಇರುತ್ತಿದ್ದದ್ದು ಗಂಡುಹುಡುಗರು ಮತ್ತು ಅಂಗಳದ ಮೂಲೆಯಲ್ಲಿ ನಗುತ್ತಿದ್ದ ಸಾರ್.

ಬಣ್ಣದ ಸೇವೆ

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯವರು ಆಗಾಗ ಸಮಾಜಸೇವೆಗೆ ಬರುತ್ತಾರೆ. ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು, ಬಸ್ಸಿನಿಂದಿಳಿದು, ನಮ್ಮ ಗೋಡೆಗೆ ಬಣ್ಣ ಬಳಿದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಹೋದ ಸಲ ಬಳಿದದ್ದೂ ಅದೇ ಗೋಡೆ. ಒಳ್ಳೆಯವರು, ಮಕ್ಕಳಿಗೆ ಬಿಸ್ಕತ್ತನ್ನೂ ತರುತ್ತಾರೆ.

ಈ ಸಲ ದೊಡ್ಡ ಮಿಸ್ ಧೈರ್ಯ ಮಾಡಿ, "ಬಣ್ಣದ ಬದ್ಲು ಒಂದು ಬಾಗ್ಲು ಕೊಡಿಸೋಕಾಗುತ್ತಾ?" ಎಂದು ಕೇಳಿದರು.

ಅವರ ಮುಂದಾಳು ನಿಜಕ್ಕೂ ನೊಂದುಕೊಂಡ. "ಮೇಡಂ, ನಮ್ಗೆ ಅಪ್ರೂವ್ ಆಗಿರೋದು ಪೇಂಟಿಂಗ್ ಮಾತ್ರ. ಬಾಗ್ಲಿದ್ರೆ ಹೇಳಿ, ಅದಕ್ಕೂ ಪೇಂಟ್ ಮಾಡ್ಕೊಡ್ತೀವಿ."

ಮಾಲೀಕರ ಹೊಲ

ಕಟ್ಟಡದ ಮಾಲೀಕರು ಇದೇ ಊರಿನ ಹಳೇ ಒಕ್ಕಲಿನವರು. ಈಗ ಶಾಲೆ ಇರುವುದು ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ. ಬಾಗಿಲು ಕೇಳಲು ಹೋದೆ.

"ಏನ್ ಮಿಸ್ಸಮ್ಮ, ಇದೇ ಜಾಗ್ದಾಗೆ ನಮ್ಮ ಅವ್ವ ಚೊಂಬು ಇಡ್ಕೊಂಡು ಒಲಕ್ಕೋಗೋರು. ಆವಾಗೆಲ್ಲಿತ್ತು ಬಾಗ್ಲು?" ಎಂದರು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, "ಯೋಚ್ನೆ ಮಾಡ್ಬೇಡಿ. ನೀವು ಖಾಲಿ ಮಾಡಿ, ಪೀಜಿ ಮಾಡ್ತೀನಿ. ಆವಾಗ ರೂಮಿಗೊಂದೊಂದು ಬಾತ್‌ರೂಮು, ಒಂದೊಂದಕ್ಕೂ ಬಾಗ್ಲು!" ಎಂದು ಸಮಾಧಾನ ಮಾಡಿದರು.

ತಾಯಿಯ ಲೆಕ್ಕ

ಹಾಜರಾತಿ ಸಾಲದಿದ್ದರೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ಇಲ್ಲದೆ ಕಾಲೇಜಿಲ್ಲ. ಅದಕ್ಕೇ ಒಂದು ಭಾನುವಾರ ಆ ಹುಡುಗಿಯ ಮನೆಗೆ ಹೋದೆ. ಅವಳ ತಾಯಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಟೈಲರ್. ಮಗಳನ್ನು ಅಜ್ಜಿಯ ಊರಿಗೆ ಕಳಿಸಿ, ಹದಿನೆಂಟು ತುಂಬಿದ ಮೇಲೆ ತನ್ನ ಜೊತೆಗೇ ಕೆಲಸಕ್ಕೆ ಸೇರಿಸುವುದು ಎಂದು ಆಕೆ ತೀರ್ಮಾನ ಮಾಡಿಯಾಗಿತ್ತು.

"ಫ್ಯಾಕ್ಟ್ರೀಲಿ ಅಂಥದ್ದೇನಮ್ಮ ಇದೆ?" ಎಂದೆ.

"ಬಾಗ್ಲೈತೆ ಮಿಸ್. ಸೂಪರ್‌ವೈಸರ್ ಹೋಗೋಕೆ ಬಿಡಲ್ಲ, ಅದು ಬೇರೆ ಮಾತು. ಬಾಗ್ಲಂತೂ ಐತೆ. ನಿಮ್ಮಲ್ಲಿ ಹೋಗು ಅಂತೀರ, ಬಾಗ್ಲಿಲ್ಲ."

ನಾನು ಎದ್ದೆ. ಹೊರಡುವಾಗ ಆಕೆಯೇ ಕನಿಕರಪಟ್ಟು, "ಹಾಕ್ಸಿದ್ ದಿನ ಹೇಳಿ, ಕಳಿಸ್ತೀನಿ" ಎಂದರು. ಹುಡುಗಿ ಒಳಗಿನಿಂದ ಒಂದು ದೊಡ್ಡ ಲೋಟ ನೀರು ತಂದು ನನ್ನ ಮುಂದೆಯೇ ಗಟಗಟ ಕುಡಿದಳು. "ಮನೇಲಿ ಕುಡೀಬಹುದು ಮಿಸ್" ಎಂದಳು.

ಬಾಗಿಲು ಬಂತು

ನೀವೇ ಕೈಯಿಂದ ದುಡ್ಡು ಕೊಟ್ಟು ಹಾಕಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಆಗ ನಮಗೆ ಸಂಬಳವೇ ಸರಿಯಾಗಿ ಬರುತ್ತಿರಲಿಲ್ಲ. ಟ್ರಸ್ಟಿನಲ್ಲಿ ಇದ್ದ ದುಡ್ಡು ಬೊಮ್ಮನಹಳ್ಳಿಯಲ್ಲಿ ಎರಡನೇ ಶಾಲೆ ತೆರೆಯಲು ಕಟ್ಟಡದ ಅಡ್ವಾನ್ಸಿಗೆ ಹೋಗಿತ್ತು. ಆಮೇಲೆ ಆನೇಕಲ್ಲಿನಲ್ಲಿ ಮೂರನೆಯದು. "ನಾವು ಬೆಳೀಬೇಕು" ಎಂದು ಸಾರ್ ಪ್ರತಿ ಮೀಟಿಂಗಿನಲ್ಲೂ ಹೇಳುತ್ತಿದ್ದರು. ಹೊಸ ಶಾಲೆಗೆ ಹಣ ಕೊಡಬಹುದೇ ಎಂದು ನಮ್ಮ ಶಾಲೆಯನ್ನು ನೋಡಲು ದಾನಿ ಸಂಸ್ಥೆಯೊಂದರ ಅಧಿಕಾರಿ ಬರುವವರಿದ್ದರು.

ಅಷ್ಟರಲ್ಲಿ ನಿಜವಾಗಿಯೂ ಒಂದು ಬಾಗಿಲು ಬಂತು. ತೇಗದ ಬಣ್ಣದ ಪಾಲಿಶು, ಹಿತ್ತಾಳೆ ಚಿಲಕ, ಮೇಲೆ "ಪ್ರಾಂಶುಪಾಲರು" ಎಂಬ ಫಲಕ. ಹೈಸ್ಕೂಲಿಗೆ ಇರುವುದು ಮುಖ್ಯೋಪಾಧ್ಯಾಯರು, ಪ್ರಾಂಶುಪಾಲರು ಇರುವುದು ಕಾಲೇಜಿಗೆ. ಆದರೆ ಆ ಹೆಸರಿನಲ್ಲಿ ಒಂದು ತೂಕವಿದೆ ಎಂದು ಸಾರ್ ಬರೆಸಿದ್ದರು. ಬಾಗಿಲು ದೊಡ್ಡ ಮಿಸ್ ಕೋಣೆಗೆ. "ಬಂದವ್ರು ಮೊದ್ಲು ನೋಡೋದು ಅದನ್ನೇ" ಎಂದರು ಸಾರ್.

ಸಾರ್ ಅತ್ತ ಹೋದ ಕೂಡಲೇ ದೊಡ್ಡ ಮಿಸ್ ಬಡಗಿಯನ್ನು ಕರೆಸಿ ಬಾಗಿಲನ್ನು ಶೌಚಾಲಯಕ್ಕೆ ಹಾಕಿಸಿದರು. ತಮ್ಮ ಕೋಣೆಗೆ ಹಳೇ ಸೀರೆಯ ಪರದೆ ಕಟ್ಟಿದರು.

"ಬೋರ್ಡು ಕೀಳ್ಬೇಕಾ ಮೇಡಂ? ಗಮ್ ಹಾಕಿದ್ದಾರೆ, ಕಿತ್ರೆ ಹಲಗೆ ಸೀಳುತ್ತೆ" ಎಂದ ಬಡಗಿ.

"ಇರ್ಲಿ ಬಿಡಪ್ಪ. ಇಷ್ಟು ವರ್ಷ ಕೆಲಸ ಮಾಡಿ ನಾನು ಮುಟ್ಟಿರೋದು ಅಲ್ಲಿಗೇ."

ಒಳಗಿದ್ದೀನಿ

ಅಧಿಕಾರಿ ಬಂದ ದಿನ ಸಾರ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದರು. ಅಧಿಕಾರಿ ಹೂಗುಚ್ಛ ಹಿಡಿದು, ಫಲಕ ಓದಿ, ನೇರ ಆ ಬಾಗಿಲಿಗೆ ಹೋಗಿ ಮೆತ್ತಗೆ ತಟ್ಟಿದರು.

"ಮೇಡಂ ಇದ್ದೀರಾ?"

"ಒಳಗಿದ್ದೀನಿ, ಸ್ವಲ್ಪ ಇರ್ರೀ!" ಎಂದು ಒಳಗಿನಿಂದ ದನಿ ಬಂತು. ಅದು ಆ ಹುಡುಗಿಯ ದನಿ. ಬಾಗಿಲು ಹಾಕಿಸಿದ ದಿನವೇ ಹೇಳಿಕಳಿಸಿದ್ದೆ, ಅವಳ ತಾಯಿ ಮಾತು ಉಳಿಸಿಕೊಂಡಿದ್ದರು.

ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು ಗೌರವದಿಂದ ನಿಂತರು. ಅವರ ಹಿಂದೆ ಬಕೆಟ್ ಹಿಡಿದು ನಿಂತಿದ್ದ ಎಂಟನೇ ಕ್ಲಾಸಿನ ಒಬ್ಬ ಹುಡುಗಿ, "ಅಂಕಲ್, ನಾನು ಮೊದ್ಲು ಬಂದಿದ್ದು" ಎಂದಳು.

ದುಡ್ಡು ಮಂಜೂರಾಯಿತು. ಅವರ ಪತ್ರದಲ್ಲಿ ಒಂದು ಮೆಚ್ಚುಗೆಯೂ ಇತ್ತು: ಈ ಶಾಲೆಯ ಪ್ರಾಂಶುಪಾಲರನ್ನು ಕಾಣಲು ಮಕ್ಕಳು ತಾವಾಗಿಯೇ ಸಾಲಿನಲ್ಲಿ ನಿಲ್ಲುತ್ತಾರೆ.

ಚಿಲಕ

ಆ ವರ್ಷ ಮನೆಗೆ ಹೋದ ಹುಡುಗಿಯರಲ್ಲಿ ಬಾಗಿಲು ಬಂದ ಮೇಲೆ ವಾಪಸ್ ಬಂದವಳು ಅವಳೊಬ್ಬಳೇ. ಉಳಿದವರಲ್ಲಿ ಇಬ್ಬರನ್ನು ಈಗ ಬೆಳಿಗ್ಗೆ ಹೊಸೂರು ರಸ್ತೆಯ ಬಸ್ ಸ್ಟಾಪಿನಲ್ಲಿ, ಊಟದ ಡಬ್ಬಿ ಹಿಡಿದು ನಿಂತಿರುವಾಗ ನೋಡುತ್ತೇನೆ. "ಚೆನ್ನಾಗಿದ್ದೀರಾ ಮಿಸ್?" ಅನ್ನುತ್ತಾರೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಅದಕ್ಕೇ ಬೇಗ ಮುಂದಕ್ಕೆ ಹೋಗುತ್ತೇನೆ.

ವಾಪಸ್ ಬಂದವಳು ಪರೀಕ್ಷೆ ಬರೆದಳು, ಪಾಸಾದಳು. ಅಡ್ಮಿಶನ್ನಿಗೆಂದು ತಾಯಿಯ ಜೊತೆ ಆನೇಕಲ್ಲಿನ ಒಂದು ಕಾಲೇಜಿಗೆ ಹೋದಳು. ಬಸ್ಸಿನಲ್ಲಿ ಗಾಬರಿಗೆ ಬಾಟಲಿ ನೀರೆಲ್ಲ ಕುಡಿದಿದ್ದಳಂತೆ. ಇಳಿದ ಮೇಲೆ ತಡೆಯಲಾಗಲಿಲ್ಲ. ಕಾರಿಡಾರಿನಲ್ಲಿ "ಪ್ರಾಂಶುಪಾಲರು" ಎಂಬ ಫಲಕ ಕಂಡಿತು. ಓಡಿ ಒಳಹೊಕ್ಕು, ಚಿಲಕ ಹಾಕಿ, ತಿರುಗಿ ನೋಡಿದರೆ ಮೇಜಿನ ಹಿಂದೆ ಕನ್ನಡಕ ಹಾಕಿಕೊಂಡ ಒಬ್ಬ ಮೇಡಂ.

"ಯಾರಮ್ಮ ನೀನು? ಚಿಲಕ ಯಾಕ್ ಹಾಕ್ದೆ?"

"ಅಡ್ಮಿಶನ್ ಮೇಡಂ... ಅಭ್ಯಾಸ ಮೇಡಂ."

"ನಿಮ್ಮ ಸ್ಕೂಲಲ್ಲಿ ಪ್ರಾಂಶುಪಾಲರ ರೂಮಿಗೆ ಹಿಂಗೇ ನುಗ್ತೀರಾ?"

"ಇಲ್ಲ ಮೇಡಂ," ಎಂದಳಂತೆ, "ಬಕೆಟ್ ತಗೊಂಡೋಗ್ತೀವಿ."