ಮೂರು ಸಲ ಕೇಳಿ ಮುಂದಕ್ಕೆ

ಒಂದು ಹೆಸರಿಗೆ ಒಂದೇ ವಿಳಾಸ ಸಾಕು ಎಂದು ಸುಮ್ಮನಿದ್ದಿದ್ದರೆ ಮುನಾವರನ ಲಗ್ನ ಆಗಿಹೋಗುತ್ತಿತ್ತು.

2008ರ ಫೆಬ್ರುವರಿ. ಗಜೇಂದ್ರಗಡದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಮುನಾವರ, ಮೆಣಸಿನಕಾಯಿ ವ್ಯಾಪಾರಿ ಉಸ್ಮಾನಸಾಬರಿಗೆ ದಿನದ ಧಾರಣಿ ತೋರಿಸುವ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅವರ ಮಗಳು ಆಸಿಫಾ ಬಿ.ಕಾಂ. ಮುಗಿಸಿ, ಹೋದ ವರ್ಷ ಅವನ ಕ್ಲಾಸಿನಲ್ಲೇ ಕಲಿತವಳು. ಇಬ್ಬರ ಲಗ್ನದ ಮಾತು ಮುಕ್ಕಾಲು ಮುಗಿದಿತ್ತು. ಉಳಿದ ಕಾಲು ಭಾಗ ವೆಬ್‌ಸೈಟಿನ ಮೇಲೆ ನಿಂತಿತ್ತು, ವೆಬ್‌ಸೈಟು ಕರೆಂಟಿನ ಮೇಲೆ ನಿಂತಿತ್ತು, ಕರೆಂಟು ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ.

“ಮಂಗಳವಾರ ನಾಕಕ್ಕ ಬ್ಯಾಡಗಿ ವ್ಯಾಪಾರಸ್ಥರು ಬರ್ತಾರ,” ಎಂದಿದ್ದರು ಉಸ್ಮಾನಸಾಬ. “ಅವರ ಮುಂದ ಧಾರಣಿ ಕಾಣಬೇಕು. ಕಂಡ್ರ ಅವತ್ತ ಸಕ್ಕರಿ ಹಂಚಿ ಲಗ್ನ ಪಕ್ಕಾ ಮಾಡೂಣು. ಕಾಣಲಿಲ್ಲಂದ್ರ ನಿನ್ನ ಕಂಪ್ಯೂಟರ್ ನಿನಗ, ನನ್ನ ಮಗಳು ನನಗ.”

ರೋಣದಲ್ಲಿ ಕರೆಂಟ್ ಹೋದಾಗ ನರಗುಂದದಲ್ಲಿ ಇರುತ್ತದೆ, ನರಗುಂದದಲ್ಲಿ ಹೋದಾಗ ರೋಣದಲ್ಲಿ ಇರುತ್ತದೆ. ಹದಿನೈದು ದಿನ ಬರೆದಿಟ್ಟು ಮುನಾವರ ಇದನ್ನು ಖಾತ್ರಿ ಮಾಡಿಕೊಂಡಿದ್ದ. ಹಾಗಾಗಿ ರೋಣದ ನಿಂಗಪ್ಪನ ಟೈಪಿಂಗ್ ಅಂಗಡಿಯಲ್ಲಿ ಒಂದು ಸರ್ವರ್ ಇಟ್ಟ. ನರಗುಂದದಲ್ಲಿ ತಾಯಿಯ ತಂಗಿ, ಖಾಲಾ ರಸೂಲಬಿಯ ಮನೆಯಲ್ಲಿ ಇನ್ನೊಂದು. ಡೊಮೇನ್ ಹೆಸರು ಒಂದೇ, ವಿಳಾಸ ಎರಡು. ಆ ಹೆಸರನ್ನು ನೋಡಿಕೊಳ್ಳುವ ದೂರದ ಕಂಪನಿಯ ಯಂತ್ರ ನಿಮಿಷಕ್ಕೊಮ್ಮೆ ಎರಡೂ ಸರ್ವರಿಗೆ ‘ಇದ್ದೀಯಾ?’ ಎಂದು ಕೇಳುತ್ತದೆ. ಮೂರು ಸಲ ಉತ್ತರ ಬಾರದಿದ್ದರೆ ಆ ವಿಳಾಸ ಬಿಟ್ಟು, ಬಂದ ಗಿರಾಕಿಗೆಲ್ಲ ಇನ್ನೊಂದು ವಿಳಾಸ ಹೇಳುತ್ತದೆ. ಕಂಪನಿಯವರು ಇದನ್ನು ‘ಗ್ಲೋಬಲ್’ ವ್ಯವಸ್ಥೆ ಎನ್ನುತ್ತಿದ್ದರು. ಮುನಾವರನ ಗ್ಲೋಬು ರೋಣದಲ್ಲಿ ಶುರುವಾಗಿ ನರಗುಂದದಲ್ಲಿ ಮುಗಿಯುತ್ತಿತ್ತು.

ಇದನ್ನು ಅವನು ಕಂಡಕಂಡವರಿಗೆಲ್ಲ ಹೇಳಿದ. ಉಸ್ಮಾನಸಾಬರ ಪಡಸಾಲೆಯಲ್ಲಂತೂ ಆಸಿಫಾ ಬಾಗಿಲ ಬಳಿ ನಿಂತದ್ದು ನೋಡಿ ದನಿ ಎತ್ತರಿಸಿಯೇ ಹೇಳಿದ: “ಮೂರ ಸಲ, ಚಾಚಾ! ನಾಕನೇದು ಇಲ್ಲ. ಯಂತ್ರಕ್ಕ ಮುಲಾಜಿಲ್ಲ.”

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಮುನಾವರನ ಕಂಪ್ಯೂಟರ್ ಪರದೆಯ ಮೇಲೆ ರೋಣದ ಸರ್ವರಿನ ಗುರುತು ಕೆಂಪಾಯಿತು. ನರಗುಂದ ಹಸಿರಾಗಿಯೇ ಇತ್ತು, ವೆಬ್‌ಸೈಟೂ ನಡೆಯುತ್ತಿತ್ತು. ಆದರೂ ಮುನಾವರ ನಿಂಗಪ್ಪನ ಮನೆಗೆ ಫೋನ್ ಹಚ್ಚಿದ. ಎತ್ತಿದವಳು ಹೆಂಡತಿ ಸಕ್ರವ್ವ.

“ಅವ್ರು ಎತ್ತು ತರಾಕ ಬೆಳವಣಕಿಗೆ ಹೋದ್ರು. ಹೋಗೂಮುಂದ ನಿನ್ನ ಮಿಷನ್ ಬಂದ್ ಮಾಡಿ ಕೀಲಿ ಹಾಕ್ಕೊಂಡು ಹೋಗ್ಯಾರ.”

“ಬಂದ್ ಯಾಕ ಮಾಡಿದ್ರು, ಅಕ್ಕಾರ?”

“ಒಂದು ಬಂದಾದ್ರ ಇನ್ನೊಂದು ನಡಸ್ತೈತಿ ಅಂತ ನೀನ ಹೇಳೀದೆಂತಲ್ಲೋ. ನರಗುಂದ ಐತಿ, ಸುಮ್ನ ಕರೆಂಟ್ ಯಾಕ ಸುಡೂದು ಅಂದ್ರು. ಕೀಲಿ ಅವರ ಉಡದಾರದಾಗ ಐತಿ.”

ಹನ್ನೆರಡಕ್ಕೆ ನರಗುಂದವೂ ಕೆಂಪಾಯಿತು. ಮುನಾವರ ರಸೂಲಬಿಗೆ ಫೋನ್ ಹಚ್ಚಿದ.

“ಖಾಲಾ, ಕರೆಂಟ್ ಹೋತೇನ್ರಿ?”

“ಇಲ್ಲ ಬೇಟಾ, ಫ್ಯಾನ್ ತಿರಗಾಕ ಹತ್ತೈತಿ. ನಿನ್ನ ಡಬ್ಬಿಗೆ ನಾನ ಸೂಟಿ ಕೊಟ್ಟೀನಿ. ಮುಂಜಾನಿಂದ ಗುಂಯ್ ಅಂತ ದುಡದೈತಿ ಪಾಪ. ಎತ್ತಿಗೂ ಮಧ್ಯಾಹ್ನ ನೊಗ ಬಿಚ್ತಾರ. ಹೆಂಗೂ ರೋಣದ್ದು ಐತೆಲ್ಲ?”

“ಖಾಲಾ, ನಿಮ್ಮ ಕಾಲ ಬೀಳ್ತೀನಿ, ಈಗ ಸ್ವಿಚ್ ಹಾಕ್ರಿ!”

ಹಾಕಿದಳು. “ಚಾಲೂ ಆತು. ಕರೇ ಪರದೆ ಮ್ಯಾಲ ಎರಡ ಸಾಲ ಬಿಳೇ ಅಕ್ಷರ ಬಂದು ನಿಂತಾವು.”

ಕೀಬೋರ್ಡ್ ಸಿಗುತ್ತಿಲ್ಲ, ಮುಂದುವರಿಯಲು ಎಫ್-ಒನ್ ಒತ್ತಿ ಎಂದು ಯಂತ್ರ ಕೇಳುತ್ತಿದೆ ಎಂಬುದು ಮುನಾವರನಿಗೆ ತಿಳಿಯಿತು. “ಖಾಲಾ, ಕೀಬೋರ್ಡ್ ಎಲ್ಲೈತ್ರಿ?”

“ಆ ಗುಂಡಿ ಹಲಗಿ? ಸಂದ್ಯಾಗೆಲ್ಲ ಧೂಳು ಕುಂತಿತ್ತು. ಸೋಪ್ ಹಚ್ಚಿ ತೊಳದು ಮಾಳಗಿ ಮ್ಯಾಲ ಒಣಾಕ ಹಾಕೀನಿ, ಇನ್ನೂ ನೀರ ಸೋರಾಕ ಹತ್ತೈತಿ.”

ಇನ್ನು ಉಳಿದದ್ದು ನಿಂಗಪ್ಪನ ಉಡದಾರ.

ಬಾಜೂ ಅಂಗಡಿಯಲ್ಲಿ ರೀಚಾರ್ಜ್ ಮಾಡುತ್ತಿದ್ದ ಉಮರ ಎಲ್ಲ ಕೇಳಿಸಿಕೊಂಡಿದ್ದ. ಫೋನು ಎರಡನೇ ಸಲ ರಿಂಗಾಗುವಷ್ಟರಲ್ಲಿ ಎತ್ತಿ ಮಾತಾಡುವ ಹುಡುಗ ಎಂದು ಊರಲ್ಲಿ ಅವನಿಗೆ ಹೆಸರಿತ್ತು. “ನೀ ಲಗೂ ಹೋಗಣ್ಣಾ,” ಎಂದ. “ಯಾರರ ಬಂದ್ರ ನಾ ನೋಡ್ಕೋತೀನಿ.”

ಗಜೇಂದ್ರಗಡದಿಂದ ರೋಣಕ್ಕೆ ಬಸ್ಸು, ಅಲ್ಲಿಂದ ಬೆಳವಣಕಿಗೆ ಇನ್ನೊಂದು. ರೋಣ ದಾಟುತ್ತಲೇ ಮೊಬೈಲಿನ ಸಿಗ್ನಲ್ ಕಡ್ಡಿಗಳೆಲ್ಲ ಮಾಯವಾದವು. ಎರಡೂವರೆಗೆ ಬೆಳವಣಕಿಯಲ್ಲಿ ಇಳಿದು ನೋಡಿದರೆ, ನಿಂಗಪ್ಪ ಬೇವಿನ ಗಿಡದ ಕೆಳಗೆ ದಲಾಲಿಯ ಎದುರು ನಿಂತಿದ್ದ. ಇಬ್ಬರ ಕೈಗಳೂ ಒಂದು ಟವೆಲ್ಲಿನ ಅಡಿಯಲ್ಲಿದ್ದವು. ಬೆರಳು ಹಿಡಿದು ಎತ್ತಿನ ಬೆಲೆ ಹೇಳುವ ಹೊತ್ತು. ಆಗ ಬಾಯಿ ಬಿಡಬಾರದು, ಕೈಯನ್ನಂತೂ ಬಿಡಲೇಬಾರದು. ಬಿಟ್ಟರೆ ವ್ಯಾಪಾರ ಮುರಿದಂತೆ.

“ಮಾಮಾರ, ಕೀಲಿ!” ಎಂದ ಮುನಾವರ.

ನಿಂಗಪ್ಪ ಹುಬ್ಬಿನಿಂದ ತನ್ನ ಸೊಂಟ ತೋರಿಸಿದ. ಸುತ್ತ ನೆರೆದ ಇಪ್ಪತ್ತು ಮಂದಿಯ ಎದುರು ಮುನಾವರ ಮೊಣಕಾಲೂರಿ ಕುಳಿತು, ನಿಂಗಪ್ಪನ ಅಂಗಿ ಎತ್ತಿ, ಉಡದಾರದ ಗಂಟಿಗೆ ಕೈ ಹಾಕಿದ. ನಿಂಗಪ್ಪನಿಗೆ ಕಚಗುಳಿಯಾಗಿ ಟವೆಲ್ಲಿನಡಿ ಎರಡು ಬೆರಳು ಹೆಚ್ಚಿಗೆ ಒತ್ತಿದವು.

“ಆತು! ಅಷ್ಟಕ್ಕ ಕೊಟ್ಟೆ!” ಎಂದು ದಲಾಲಿ ಕೂಗಿದ.

ನಿಂಗಪ್ಪ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮುನಾವರ ಬಸ್ಸಿನಲ್ಲಿದ್ದ.

ರೋಣದಲ್ಲಿ ಅಂಗಡಿಯ ಬಾಗಿಲು ತೆರೆದಾಗ ಮೂರು ನಲವತ್ತೈದು. ಪುಣ್ಯಕ್ಕೆ ಕರೆಂಟಿತ್ತು. ಮೂರು ಐವತ್ತೆರಡಕ್ಕೆ ರೋಣ ಹಸಿರಾಯಿತು. ನಾಲ್ಕಕ್ಕೆ ಸರಿಯಾಗಿ ಗಜೇಂದ್ರಗಡದಲ್ಲಿ ಬ್ಯಾಡಗಿಯವರ ಎದುರು ಧಾರಣಿ ಮೂಡಿತು. ಮುನಾವರ ಅರ್ಧ ಕೆ.ಜಿ. ಪೇಢೆ ಕಟ್ಟಿಸಿಕೊಂಡು ಊರಿನ ಬಸ್ಸು ಹತ್ತಿದ.

ಉಸ್ಮಾನಸಾಬರ ಮನೆ ಮುಟ್ಟಿದಾಗ ಆರು ಗಂಟೆ. ಅವರು ಎದ್ದು ಬಂದು ಅಪ್ಪಿಕೊಂಡರು. “ಶಾಬಾಸ್! ಎಳ್ಳಷ್ಟೂ ಎಡವಟ್ಟಾಗಲಿಲ್ಲ. ಬಾ, ಬಾಯಿ ಸಿಹಿ ಮಾಡ್ಕೊ.”

ತಟ್ಟೆಯಲ್ಲಿ ಸಕ್ಕರೆ ಮುಂದೆ ಬಂತು. ಆದರೆ ಅರ್ಧ ತಟ್ಟೆ ಆಗಲೇ ಖಾಲಿಯಾಗಿತ್ತು.

“ಯಾರಿಗೆ ಹಂಚಿದ್ರಿ, ಚಾಚಾ?”

ಉಸ್ಮಾನಸಾಬ ಗಡ್ಡ ಕೆರೆದುಕೊಂಡರು. “ಆಸಿಫಾನ ಮಾಮಾ ಅಕ್ಬರಸಾಬ ಹುಬ್ಬಳ್ಳಿಯಿಂದ ದಿಢೀರ್ ಬಂದಿದ್ದ. ಹುಡುಗನ್ನ ನೋಡಿ ಸಕ್ಕರಿ ಮಾಡಿ ಮೂರರ ಬಸ್ಸಿಗೇ ಹೋಗ್ತೀನಿ ಅಂತ ಹಟ ಹಿಡದ. ನಿನಗ ಒಂದೂವರಿಗೆ ಫೋನ್ ಹಚ್ಚಿದೆ, ಉತ್ತರ ಇಲ್ಲ. ಎರಡಕ್ಕ ಹಚ್ಚಿದೆ, ಇಲ್ಲ. ಎರಡೂವರಿಗೆ ಹಚ್ಚಿದೆ, ಇಲ್ಲ. ಮೂರ ಸಲ ಆತು. ನಿನ್ನ ಬಾಜೂದವ ಉಮರ, ಒಂದ ರಿಂಗಿಗೆ ಎತ್ತಿದ.”

ಮುನಾವರನ ಕೈಯಲ್ಲಿದ್ದ ಪೇಢೆಯ ಪೊಟ್ಟಣ ಜಾರಿತು. “ಚಾಚಾ, ನಾಕನೇ ಸಲ...”

“ನಾಕನೇದು ಇಲ್ಲ ಅಂತ ನೀವ ಹೇಳಿದ್ರೆಲ್ಲ, ಸರ್,” ಎಂದು ಬಾಗಿಲ ಬಳಿಯಿಂದ ಆಸಿಫಾಳ ದನಿ ಬಂತು. “ಯಂತ್ರ ನಿಮಿಷಕ್ಕೊಮ್ಮೆ ಕೇಳತೈತಿ. ಅಬ್ಬಾ ನಿಮಗ ಅರ್ಧ ತಾಸಿಗೊಮ್ಮೆ ಕೇಳ್ಯಾರ. ಭಾಳ ಸವಲತ್ತು ಕೊಟ್ಟೇವಿ.”

ಉಸ್ಮಾನಸಾಬ ಪೊಟ್ಟಣ ಎತ್ತಿ, ಒಂದು ಪೇಢೆ ಬಾಯಿಗೆ ಹಾಕಿಕೊಂಡು, ಅವನ ಬೆನ್ನು ತಟ್ಟಿದರು.

“ಹಂಗ್ಯಾಕ ಮಾರಿ ಸಣ್ಣ ಮಾಡ್ಕೋತಿ? ನಿನ್ನ ಹೆಸರು ಪೂರಾ ತಗದಿಲ್ಲ. ಉಮರ ಬಂದಾದ್ರ ಮುಂದಿಂದು ನೀನ. ಫೋನ್ ಅಷ್ಟ ಚಾಲೂ ಇಟ್ಕೊ.”