ಟೊಂಕ ನನ್ನದು, ತೀರ್ಮಾನ ಮಂದಿಯದು

ಮನುಷ್ಯನಿಗೆ ನೋವೇ ಬರಬಾರದು ಎಂದು ನಾನು ಹೇಳುವುದಿಲ್ಲ. ಬರಲಿ, ಆದರೆ ಹೆಸರು ಹೇಳಬಹುದಾದ ಜಾಗಕ್ಕೆ ಬರಲಿ. ಹಲ್ಲುನೋವಿನವನು ಗಲ್ಲಕ್ಕೆ ಕೈ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತರೆ ಹೋಗುವವರು ಬರುವವರೆಲ್ಲ ‘ಪಾಪ’ ಎನ್ನುತ್ತಾರೆ. ಮೊಣಕಾಲು ನೋವಿನವರಿಗಂತೂ ಸಮಾಜದಲ್ಲಿ ಒಂದು ಮರ್ಯಾದೆಯೇ ಇದೆ. ನನ್ನ ನೋವು ಬೆನ್ನು ಮುಗಿದು, ಕುಳಿತುಕೊಳ್ಳುವ ಭಾಗ ಇನ್ನೂ ಸರಿಯಾಗಿ ಆರಂಭವಾಗದ ಗಡಿಯಲ್ಲಿ, ಎಡಗಡೆಗೆ, ಧೋತರದೊಳಗೆ ಇತ್ತು. ಗೋಕಾಕದ ಸಾಲೆಯ ಹೆಡ್‌ಮಾಸ್ತರನಾಗಿ, ರುಮಾಲು ಸುತ್ತಿ, ಕೋಟು ತೊಟ್ಟು ಪೇಟೆಯಲ್ಲಿ ನಡೆಯುವವನು ನಾನು. ‘ಎಲ್ಲಿ ನೋಯಾಕತ್ತೈತ್ರಿ ಮಾಸ್ತರ?’ ಎಂದು ಯಾರಾದರೂ ಕೇಳಿದರೆ ಬೆರಳಿಟ್ಟು ತೋರಿಸುವ ಜಾಗವೇ ಅದು? ಹಾಗಾಗಿ ಒಂಬತ್ತು ವರ್ಷ ‘ನಡಾ ಹಿಡದೈತ್ರಿ’ ಎಂದೇ ಹೇಳಿಕೊಂಡು ಬಂದೆ. ನೋವನ್ನು ಒಂದು ಗೇಣು ಮೇಲಕ್ಕೆ ಸರಿಸಿ ಹೇಳಿದ ಈ ಸಣ್ಣ ಸುಳ್ಳಿಗೆ ನನ್ನ ನಡು ತೆತ್ತ ದಂಡ ಅಷ್ಟಿಷ್ಟಲ್ಲ.

ಯಾವ ತಪ್ಪನ್ನೂ ಮಾಡದ ಆ ನಡುವಿಗೆ ಎಕ್ಕೆ ಎಲೆಯ ಶಾಖ ಬಿತ್ತು, ಔಡಲೆಣ್ಣೆ ಬಿತ್ತು. ಮೂಡಲಗಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ನಮ್ಮಣ್ಣ ಬರೆ ಹಾಕುವವನೊಬ್ಬನನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡೇ ಬಂದ. ಎತ್ತಿಗೆ ಹಾಕಿದಂತೆ ಎರಡು ಬರೆ ಹಾಕಿಸಿ, ಹೋಳಿಗೆ ಉಂಡು ಹೋದ. ನನ್ನ ಹೆಂಡತಿ ನೀಲವ್ವನದು ಬೇರೆ ಮತ. ನಡುವಿಗೆ ಅಂಟಿನುಂಡೆಗಿಂತ ಮಿಗಿಲಾದ ಮದ್ದಿಲ್ಲ ಎಂದು ಬಾಣಂತಿಗೆ ಕೊಡುವಂತೆ ಬೆಳಗಾದರೆ ನನ್ನ ಕೈಗೆ ಒಂದೊಂದು ಉಂಡೆ ಕೊಡುತ್ತಿದ್ದಳು. ಹೆಡ್‌ಮಾಸ್ತರನಿಗೆ ಬಾಣಂತನ! ನೋವು ಇದ್ದಲ್ಲೇ ಇತ್ತು. ಕೋಟಿನ ಗುಂಡಿ ಮಾತ್ರ ಹಾಕಲು ಬಾರದಾಯಿತು.

ಕೊನೆಗೆ ಯಾರಿಗೂ ಹೇಳದೆ ರೈಲು ಹತ್ತಿ ಮಿರಜಿಗೆ ಹೋಗಿ ಎಲುಬಿನ ಡಾಕ್ಟರೊಬ್ಬರಿಗೆ ತೋರಿಸಿದೆ. ಅಲ್ಲಿಯೂ ‘ನಡಾ’ ಎಂದೇ ಆರಂಭಿಸಿದೆ. ಆ ಮನುಷ್ಯ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಬೋರಲು ಮಲಗಿಸಿ, ಒಂದು ಗೇಣು ಕೆಳಗೆ ಸರಿಯಾಗಿ ಹೆಬ್ಬೆರಳು ಒತ್ತಿದರು. ನಾನು ಕಿರುಚಿದ್ದು ಸ್ಟೇಶನ್ನಿನವರೆಗೆ ಕೇಳಿರಬೇಕು. ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಕೂಡುವ ಸಂದು ಕೆಟ್ಟಿದೆಯಂತೆ. ಅದನ್ನು ಕೊಯ್ದು, ಪಕ್ಕದ ಎಲುಬಿನಿಂದಲೇ ಒಂದು ತುಂಡು ಕೆತ್ತಿ ತೆಗೆದು, ಸಂದಿಗೆ ಬಡಿದು ಎರಡನ್ನೂ ಒಂದು ಮಾಡಬೇಕಂತೆ. ಆಮೇಲೆ ಮೂರು ತಿಂಗಳು ಪ್ಲಾಸ್ಟರಿನಲ್ಲಿ ಮಲಗಬೇಕು. ಇದನ್ನು ಅವರು ಬಡಿಗ ಬಾಗಿಲ ಚೌಕಟ್ಟಿನ ಮಾತಾಡುವಷ್ಟು ಸಲೀಸಾಗಿ ಹೇಳಿದರು. ‘ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಬರುತ್ತದೆಯೇ?’ ಎಂದು ಕೇಳಿದೆ. ನೋವು ಹೋಗುವ ಸಂಭವ ಬಹಳ, ಕೂರುವ ಮಾತು ಈಗ ಹೇಳಲಾರೆ, ಕುರ್ಚಿ ಇದೆಯಲ್ಲ ಎಂದರು.

ಕುರ್ಚಿ! ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂರುವುದು ಕುರ್ಚಿಯ ಮೇಲೆಯೇ? ಮದುವೆಯ ಪಂಕ್ತಿಯಲ್ಲಿ ಎಲ್ಲರೂ ನೆಲದ ಮೇಲೆ ಉಣ್ಣುವಾಗ ನಾನೊಬ್ಬ ಎತ್ತರದಲ್ಲಿ ಕುಳಿತು ಅವರ ರುಮಾಲುಗಳನ್ನು ನೋಡುತ್ತ ಉಣ್ಣಬೇಕೇ? ಹಾಗೆಂದು ಸುಮ್ಮನಿದ್ದರೆ ಈಗಿನ ಪೂಜೆಯಾದರೂ ಪೂಜೆಯೇ? ಎಡಗಡೆ ಭಾರ ಹಾಕಲಾಗದೆ ಒಂದು ಪಕ್ಕಕ್ಕೆ ವಾಲಿ ಕುಳಿತು ಕಣ್ಣು ಮುಚ್ಚಿದರೆ ಶಿವನ ಬದಲು ಆ ಸಂದೇ ಕಾಣುತ್ತಿತ್ತು. ಒಂದು ತಿಂಗಳೊಳಗೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಕಳಿಸಿ ಎಂದು ಡಾಕ್ಟರು ಕಾಗದ ಕೊಟ್ಟಿದ್ದರು.

ಆ ಕಾಗದ ಮನೆಗೆ ಬಂದದ್ದೇ ತಡ, ನನ್ನ ಟೊಂಕ ನನ್ನ ಕೈಬಿಟ್ಟು ಹೋಯಿತು. ‘ಎಲಬು ಬೆಸಿಯಾಕ ನೀ ಏನ ಗಾಡಿ ಗಾಲಿ ಅದಿಯೇನೋ? ಮೂರ ತಿಂಗಳ ಮಲಗಿದಾಂವ ಮತ್ತ ಏಳತಾನೇನು?’ ಎಂದು ಅಣ್ಣ ತೀರ್ಪು ಕೊಟ್ಟ. ಬರೆಯ ಮೇಲೆ ಬರೆ ಹಾಕಿಸಿದವನಿಗೆ ಈಗ ತಮ್ಮನ ಚರ್ಮದ ಮೇಲೆ ಕರುಣೆ! ನನಗೆ ಏನನ್ನಿಸುತ್ತದೆ ಎಂದು ಒಬ್ಬರಾದರೂ ಕೇಳಲಿಲ್ಲ. ನೀಲವ್ವ ಒಂದು ಕರಾರು ಹಾಕಿದಳು. ‘ನಮ್ಮವ್ವನ ಕಡೆ ಮೂರ ಸಲ ಒದಿಸ್ಕೊಳ್ರಿ. ಅದಕ್ಕೂ ಬಗ್ಗಲಿಲ್ಲಂದ್ರ ಕೊಯಿಸ್ಕೊಳ್ರಿ, ನಾ ಅಡ್ಡ ಬರಂಗಿಲ್ಲ.’

ಹುಕ್ಕೇರಿಯಲ್ಲಿರುವ ನಮ್ಮ ಅತ್ತೆ ಕಾಲು ಮುಂದಾಗಿ ಹುಟ್ಟಿದವರು. ಹಾಗೆ ಹುಟ್ಟಿದವರು ಒದ್ದರೆ ಹಿಡಿದ ನಡು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಮನೆಮನೆಗೂ ಇದೆ. ಸಂಕೇಶ್ವರದಿಂದ ಕೂಡ ಜನ ಬಗ್ಗಿಕೊಂಡು ಬಂದು ಅತ್ತೆಯ ಹೊಸ್ತಿಲಲ್ಲಿ ಒದೆಸಿಕೊಂಡು, ನೆಟ್ಟಗಾಗಿ ಹೋಗುತ್ತಿದ್ದರಂತೆ. ಒಂಬತ್ತು ವರ್ಷ ನಾನು ಇದಕ್ಕೆ ಒಪ್ಪಿರಲಿಲ್ಲ. ಮದುವೆಯಾದಂದಿನಿಂದ ನನ್ನೆದುರು ನಿಂತು ಒಂದು ಮಾತೂ ಆಡದವರು ಅವರು. ಏನಿದ್ದರೂ ಬಾಗಿಲ ಹಿಂದೆ ನಿಂತು ಮಗಳ ಮೂಲಕ ಕೇಳಿಸುವರು. ಅಂಥವರ ಮೊದಲ ಸಂಭಾಷಣೆ ಒದೆಯೇ ಆಗಬೇಕೇ?

ಆದರೂ ನೀಲವ್ವನೊಡನೆ ಹೋದೆ. ಮೋಟಾರಿನಲ್ಲಿ ಕುಳಿತು ಹುಕ್ಕೇರಿ ತಲುಪುವಷ್ಟರಲ್ಲಿ ಆ ರಸ್ತೆಯೇ ನನ್ನನ್ನು ನೂರು ಸಲ ಒದ್ದಿತ್ತು. ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗಬೇಕು, ಲಿಂಗವನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು, ಮುಗಿಯುವತನಕ ಮಾತಾಡಬಾರದು. ಅತ್ತೆ ಬಂದರು. ಮೊದಲು ನನ್ನ ಪಾದ ಮುಟ್ಟಿ ನಮಸ್ಕಾರ ಮಾಡಿದರು, ಆಮೇಲೆ ಒದ್ದರು. ಒದ್ದರು ಎನ್ನುವುದಕ್ಕಿಂತ ಕಾಲು ಸೋಕಿಸಿದರು ಎನ್ನಬೇಕು. ಅಳಿಯನಿಗೆ ಕಾಲು ತಾಗಿದ ಪಾಪಕ್ಕೆ ಮತ್ತೊಮ್ಮೆ ನಮಸ್ಕಾರವಾಯಿತು. ಎರಡನೆಯದೂ ಹಾಗೆಯೇ. ಆಗ ನೀಲವ್ವ ‘ಯವ್ವಾ, ಜೋರ್ಲೆ ಒದಿ!’ ಎಂದಳು. ಆ ದನಿಯಲ್ಲಿದ್ದ ಉತ್ಸಾಹವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಮೂರನೆಯದು ಬಿತ್ತು, ಎಲ್ಲಿಗೆ? ಅದೇ ನಿರಪರಾಧಿ ನಡುವಿಗೆ, ಅಣ್ಣ ಹಾಕಿಸಿದ ಬರೆಯ ಮೇಲೆ.

ನನ್ನ ತಲೆ ಕೆಟ್ಟುಹೋಯಿತು. ಹುದ್ದೆ, ರುಮಾಲು, ಅಳಿಯತನ ಎಲ್ಲ ಮರೆತು ಎದ್ದು ನಿಂತೆ. ‘ಅಲ್ಲಲ್ರೀ! ಎಲ್ಲಾರೂ ಅಲ್ಲೇ ಬಡೀತೀರಿ! ಇಲ್ಲೈತಿ ನನಗ, ಇಲ್ಲಿ!’ ಎಂದು ಕೂಗುತ್ತ, ತೋರಿಸಬಾರದ ಜಾಗಕ್ಕೆ ಬೆರಳಿಟ್ಟು ಅತ್ತೆಯ ಎದುರಿಗೇ ತೋರಿಸಿಬಿಟ್ಟೆ. ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ಬಾಗಿಲ ಹಿಂದೆ ಸರಿಯಲಿಲ್ಲ. ನನ್ನ ಬೆರಳನ್ನೇ ನೋಡುತ್ತ ನಿಂತರು.

‘ಅಲ್ಲೇನ್ರಿ ಅಳಿಯಾರ?’ ಎಂದರು, ನೇರವಾಗಿ ನನ್ನನ್ನೇ. ‘ಅಲ್ಲಿ ನನಗೂ ಐತ್ರಿ. ಇಕಿ ಹುಟ್ಟಿದಾಗಿಂದ ಐತಿ. ಊರಿಗೆಲ್ಲಾ ಒದ್ದೆ, ನನಗ ಯಾರ ಒದಿಬೇಕ್ರಿ? ಎಲ್ಲಿ ಅಂತ ತೋರಸ್ಲಿ? ನೀವು ಕೊಯಿಸ್ಕೊಂಡ ಬರ್ರಿ. ನೆಲಕ್ಕ ಕುಂದ್ರಾಕ ಬಂದ್ರ ನನಗ ಒಂದ ಮಾತ ಹೇಳಿ ಕಳಸ್ರಿ’ ಎಂದರು.

‘ಇಕಿ’ ಎಂದರೆ ನೀಲವ್ವ. ಅವಳಿಗೆ ಆಗ ಮೂವತ್ತೆಂಟು ವರ್ಷ. ಮೂವತ್ತೆಂಟು ವರ್ಷ ಆ ಹೆಂಗಸು ತುಟಿ ಪಿಟಕ್ಕೆನ್ನದೆ ರೊಟ್ಟಿ ಬಡಿದಿದ್ದರು, ಬಂದವರಿಗೆಲ್ಲ ಕಾಲೆತ್ತಿ ಒದ್ದಿದ್ದರು. ನಾನು ಒಂಬತ್ತೇ ವರ್ಷದ ನೋವಿಗೆ ಮೂರು ತಾಲೂಕು ಕೇಳುವಂತೆ ನರಳಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ವಾಪಸು ಬರುವಾಗ ಮೋಟಾರು ಎಷ್ಟು ಕುಲುಕಿದರೂ ಒಮ್ಮೆಯೂ ನರಳಲಿಲ್ಲ.

ಮರುದಿನ ಸಹಿ ಹಾಕಿದೆ. ವಿಜ್ಞಾನದ ಮೇಲಿನ ವಿಶ್ವಾಸದಿಂದ ಹಾಕಿದೆ ಎಂದು ಸಾಲೆಯಲ್ಲಿ ಹೇಳಿಕೊಂಡಿದ್ದೇನೆ, ಅದು ಖರೆಯಲ್ಲ. ಸಹಿಯ ಕೆಳಗೆ, ‘ಇದೇ ಶಸ್ತ್ರಕ್ರಿಯೆಯನ್ನು ವಯಸ್ಸಾದ ಹೆಂಗಸರಿಗೂ ಮಾಡುತ್ತೀರಾ? ನಮ್ಮ ಅತ್ತೆಯವರಿಗೆ ಬಹಳ ವರ್ಷಗಳಿಂದ ನೋವಿದೆ’ ಎಂದು ಎರಡು ಸಾಲು ಬರೆದೆ. ನೋವು ಎಲ್ಲಿದೆ ಎಂಬುದನ್ನೂ ಬರೆಯಬೇಕಾಗಿತ್ತು. ಎಷ್ಟೋ ಹೊತ್ತು ಲೇಖನಿ ಹಿಡಿದು ಕುಳಿತೆ. ಎಷ್ಟೆಂದರೂ ಅತ್ತೆಯವರ ವಿಷಯ, ಬರೆಯಲು ಕೈ ಬರಲಿಲ್ಲ. ಹಾಗೆಯೇ ಮಡಿಸಿ ಟಪಾಲಿಗೆ ಹಾಕಿದೆ.