ನಾನು ವೈಫೈ ಹತ್ತಿಸಿದ್ದು

ಹೆಮ್ಮೆಯ ವಿಷಯದಲ್ಲಿ ನನಗೊಂದು ದೌರ್ಬಲ್ಯವಿದೆ. ದೊಡ್ಡ ಸಂಗತಿಗಳು ನನ್ನ ತಲೆಗೆ ಏರುವುದಿಲ್ಲ, ಸಣ್ಣವು ಏರಿದರೆ ಇಳಿಯುವುದಿಲ್ಲ. ಮಿಶ್ರಿಕೋಟಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಅದನ್ನು ಕಟ್ಟಿ ಬೆಳೆಸಿದ್ದಕ್ಕೆ ಯಾರಾದರೂ ಹೊಗಳಿದರೆ ಸಂಕೋಚವಾಗಿ ಮಳೆಯ ಮಾತು ತೆಗೆಯುತ್ತೇನೆ. ಆದರೆ ಒಮ್ಮೆ ಬಸ್ಸಿನಲ್ಲಿ ಯಾರಿಂದಲೂ ಸರಿಯದ ಕಿಟಕಿ ಗಾಜನ್ನು ನಾನು ಸರಿಸಿದಾಗ, ಹುಬ್ಬಳ್ಳಿ ಮುಟ್ಟುವವರೆಗೂ ಪಕ್ಕದವರಿಗೆ ಅದನ್ನೇ ಹೇಳಿದ್ದೆ. ಪಾಪ, ಅವರು ಅದನ್ನು ಕಣ್ಣಾರೆ ಕಂಡಿದ್ದರು. ಆದ್ದರಿಂದ ನಾನು ವೈಫೈ ಹತ್ತಿಸಿದ ವಿಷಯವನ್ನು ಈಗ ಸ್ವಲ್ಪ ವಿಸ್ತಾರವಾಗಿ ಹೇಳಿದರೆ ಬೇಸರ ಮಾಡಿಕೊಳ್ಳಬಾರದು. ನಮ್ಮ ಊರಿನವರು ಇದನ್ನು ಕೇಳಿ ಕೇಳಿ ಸಾಕಾಗಿದ್ದಾರೆ, ಹೊಸ ಕಿವಿಗಳು ಬೇಕಾಗಿದ್ದವು.

ಮೊದಲೇ ಹೇಳಿಬಿಡುತ್ತೇನೆ, ರಿಪೇರಿ ನಮ್ಮ ವಂಶದಲ್ಲಿ ಇಲ್ಲ. ನಮ್ಮಪ್ಪ ಗೋಡೆ ಗಡಿಯಾರವೊಂದನ್ನು ಬಿಚ್ಚಿ ಮತ್ತೆ ಜೋಡಿಸಿದ್ದರು. ಆಮೇಲೆ ಅದು ಯಾವಾಗ ಬೇಕಾದರೂ ಗಂಟೆ ಹೊಡೆಯುತ್ತಿತ್ತು, ಹೊತ್ತು ಮಾತ್ರ ತೋರಿಸುತ್ತಿರಲಿಲ್ಲ. ನಾನು ಮಿಕ್ಸರ್ ಬಿಚ್ಚಿದ್ದೆ. ಜೋಡಿಸಿದ ಮೇಲೆ ಅದು ಶೇಂಗಾ ಚಟ್ನಿಯನ್ನು ಮೇಲಕ್ಕೆ, ಅಂದರೆ ಮಾಡಿನತ್ತ, ಅರೆಯತೊಡಗಿತು. ಅಂದಿನಿಂದ ನಮ್ಮವ್ವ ಮನೆಯ ಸ್ಕ್ರೂ ಡ್ರೈವರನ್ನು ಜೋಳದ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದಾಳೆ. ನಾನು ಯಾವುದಾದರೂ ಯಂತ್ರದ ಹತ್ತಿರ ಸುಮ್ಮನೆ ನಿಂತರೂ ಸಾಕು, "ತಮ್ಮಾ, ಚಾ ಕುಡಿತೀ ಏನು, ಬಾ" ಎಂದು ಒಳಗೆ ಕರೆಯುತ್ತಾಳೆ.

ನನ್ನ ಹೆಂಡತಿ ಗಿರಿಜಾ ಕಲಘಟಗಿಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾಳೆ. ಅತಿಥಿ ಉಪನ್ಯಾಸಕಿ. ಬಹಳ ವರ್ಷಗಳಿಂದ ಹೋಗುತ್ತಿರುವವಳನ್ನು ಅತಿಥಿ ಎನ್ನುವುದು ಯಾಕೋ ನನಗೆ ತಿಳಿದಿಲ್ಲ. ಅವಳು ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಕೂತಳು. ವಿಷಯ, ಕಲಘಟಗಿ ತಾಲೂಕಿನ ಹೊಲಗಳ ಹೆಸರುಗಳು. ಹೊಲಕ್ಕೆ ಸರ್ವೆ ನಂಬರು ಇರುತ್ತದೆ, ಅದು ಕಚೇರಿಯವರಿಗೆ. ನಮಗೆ ಹೆಸರೇ ಬೇಕು: ಬೀಗರ ಹೊಲ, ನರಿಗುಡ್ಡದ ಹೊಲ, ಮುದುಕಿ ಪಟ್ಟಿ. ಈ ಹೆಸರುಗಳು ಹೇಗೆ ಬಂದವು, ಯಾರು ಇಟ್ಟರು ಎಂದು ಕೇಳುತ್ತ ಅವಳು ಊರೂರು ತಿರುಗಿದಳು. ಬೈಕು ಓಡಿಸಿದವನು ನಾನು. ಅವಳು ಯಾರದೋ ಕಟ್ಟೆಯ ಮೇಲೆ ಕೂತು ಮುದುಕಿಯರ ಜೊತೆ ಮಾತಾಡುವಾಗ ನಾನು ಆ ಊರಿನ ರೈತರಿಗೆ ಗೋವಿನಜೋಳದ ಬೀಜದ ಬಗ್ಗೆ ಹೇಳುತ್ತಿದ್ದೆ. ಆ ವರ್ಷಗಳಲ್ಲಿ ನನ್ನ ಗಿರಾಕಿಗಳು ಹೆಚ್ಚಾದರು. ಅವಳ ಓದು ಏನಾಗುತ್ತಿದೆ ಎಂದು ನಾನು ಕೇಳಲಿಲ್ಲ, ಕೇಳಿದರೆ ತಿಳಿಯದೆ ಹೋದೀತೆಂಬ ಅಂಜಿಕೆ ಇತ್ತು.

ಕೊನೆಗೆ ಪ್ರಬಂಧ ಒಪ್ಪಿಗೆಯಾಗಿ ಮೌಖಿಕ ಪರೀಕ್ಷೆಯ ದಿನ ಬಂತು. ಹೊರಗಿನ ಪರೀಕ್ಷಕರು ಬಹಳ ದೂರದವರಾದ್ದರಿಂದ ಎಲ್ಲರೂ ತಮ್ಮ ತಮ್ಮ ಸ್ಥಳದಿಂದಲೇ ಆನ್‌ಲೈನಿನಲ್ಲಿ ಕೂಡುವುದೆಂದು ಗೊತ್ತಾಗಿತ್ತು. ಬೆಳಗಿನ ಹನ್ನೊಂದಕ್ಕೆ ಶುರು. ಗಿರಿಜಾ ಲ್ಯಾಪ್‌ಟಾಪಿನಲ್ಲಿ ಹೊಲಗಳ ನಕಾಶೆಗಳನ್ನು ಸಿದ್ಧಮಾಡಿಟ್ಟಿದ್ದಳು. ಆ ಲ್ಯಾಪ್‌ಟಾಪ್ ಹುಬ್ಬಳ್ಳಿಯಿಂದ ತಂದ ಹಳೆಯ ಮಾಲು, ಎತ್ತಿದರೆ ಒಂದು ಮಗು ಎತ್ತಿದ ಹಾಗೆ. ಧೂಳು ಹತ್ತಬಾರದೆಂದು ಅವ್ವ ಅದಕ್ಕೆ ಹಳೆ ಸೀರೆ, ನನ್ನ ಹಳೆ ಅಂಗಿ ಎಲ್ಲ ಸೇರಿಸಿ ಕೌದಿಯ ಒಂದು ಚೀಲ ಹೊಲಿದುಕೊಟ್ಟಿದ್ದಳು. ಚೀಲ ಸಡಿಲವಾಗಿ ಯಂತ್ರ ಜಾರುತ್ತಿತ್ತೆಂದು ಪರೀಕ್ಷೆಯ ಹಿಂದಿನ ದಿನ ಕೂತು ಬಿಗಿಯಾಗಿ ಮತ್ತೊಂದು ಸುತ್ತು ಹೊಲಿಗೆ ಹಾಕಿದ್ದಳು. ಸೊಸೆಯ ಪರೀಕ್ಷೆಗೆ ತನ್ನದೂ ಒಂದು ಕೈ ಇರಲಿ ಎಂಬ ಆಸೆ.

ಅಂದು ಬೆಳಗ್ಗೆ ಗಿರಿಜಾ ಇಳಕಲ್ ಸೀರೆ ಉಟ್ಟು, ಚೀಲದಿಂದ ಲ್ಯಾಪ್‌ಟಾಪನ್ನು ಜಗ್ಗಿ ತೆಗೆದು ಒಳಕೋಣೆಯ ಟೇಬಲ್ಲಿನ ಮೇಲಿಟ್ಟಳು. ನಾನು ಅಂಗಡಿಗೆ ಹೋಗದೆ ಪಡಸಾಲೆಯಲ್ಲಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ಧ್ವನಿ ಬಂತು.

"ರೀ, ಸ್ವಲ್ಪ ಇಲ್ಲೆ ಬರ್ರಿ. ವೈಫೈ ಹತ್ತವಲ್ದು."

ಗಿರಿಜಾ ಯಾವುದಕ್ಕೂ ಗಾಬರಿಯಾಗುವವಳಲ್ಲ. ಮಿಕ್ಸರಿನ ದಿನವೂ ಅವಳು ಚಟ್ನಿ ಒರೆಸಿಕೊಂಡು ಕಾಲೇಜಿಗೆ ಹೋದವಳು. ಆದರೆ ಅಂದು ಅವಳ ಹಣೆಯ ಮೇಲೆ ಬೆವರು ಕಂಡಿತು. ಪರದೆಯ ಮೇಲೆ ವೈಫೈ ಗುರುತಿನ ಮೇಲೊಂದು ಕೆಂಪು ಗೀಟು. ಒತ್ತಿದರೆ, ವಾಯರ್‌ಲೆಸ್ ಬಂದ್ ಆಗಿದೆ ಎಂದು ಬರೆದು ತೋರಿಸುತ್ತಿತ್ತು. ಬಂದ್ ಆಗಿದ್ದರೆ ಚಾಲೂ ಮಾಡು ಎಂದು ಒತ್ತಿದರೆ ಮತ್ತೆ ಅದೇ ಮಾತು.

ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಪಡಸಾಲೆಯ ಗೋಡೆಗಿರುವ ರೂಟರ್ ಡಬ್ಬಿಯನ್ನು ಆರಿಸಿ ಹಚ್ಚಿದೆ. ಲ್ಯಾಪ್‌ಟಾಪನ್ನೂ ಆರಿಸಿ ಹಚ್ಚಿದೆ. ಎರಡನ್ನೂ ಕೂಡಿಯೇ ಆರಿಸಿ ಹಚ್ಚಿದೆ. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಡಬ್ಬಿಯ ಮುಂದೆ ಹಿಡಿದೆ, ಪರಸ್ಪರ ಗುರುತು ಸಿಗಲಿ ಎಂದು. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು, "ತಮ್ಮಾ, ಚಾ ಕುಡಿತೀ ಏನು" ಎಂದಳು. ನಾನು ಕೇಳಿಸದವನಂತೆ ಇದ್ದೆ.

ಇಂಟರ್‌ನೆಟ್ಟಿನ ಕೇಬಲ್ ನೋಡಿಕೊಳ್ಳುವವನಿಗೆ ಫೋನ್ ಮಾಡಿದೆ. ಅವನು ಯಾವುದೋ ಕಂಬದ ಮೇಲಿದ್ದ. "ನಿಮ್ಮ ಫೋನಿನ್ಯಾಗ ವೈಫೈ ಬರಾಕತ್ತೈತೇನ್ರಿ?" ಎಂದು ಕೇಳಿದ. ಬರುತ್ತಿದೆ ಎಂದೆ. "ಹಂಗಾರ ನಮ್ಮದೇನೂ ಇಲ್ರಿ, ನಿಮ್ಮ ಮಷೀನದ್ದ ಐತಿ" ಎಂದು ಇಟ್ಟುಬಿಟ್ಟ. ಫೋನಿನಲ್ಲೇ ಪರೀಕ್ಷೆ ಕೊಡು ಎಂದೆ ಗಿರಿಜಾಳಿಗೆ.

"ನಕಾಶಿ ತೋರಸೂದು ಹೆಂಗ್ರಿ? ಎಲ್ಲಾ ಇದರಾಗ ಅದಾವ" ಎಂದಳು. ಆಮೇಲೆ ತನಗೇ ಹೇಳಿಕೊಂಡಂತೆ, "ಇಷ್ಟು ವರ್ಷ ಅಡ್ಡಾಡಿದ್ದು ಇದಕ್ಕೇನು" ಎಂದಳು. ಆ ಮಾತು ನನ್ನ ಎದೆಗೆ ನಾಟಿತು. ಅಡ್ಡಾಡಿದ ಬೈಕಿನಲ್ಲಿ ನಾನೂ ಇದ್ದೆನಲ್ಲ.

ನನ್ನ ಫೋನಿನಲ್ಲಿ ಇದೇ ತೊಂದರೆಯ ಬಗ್ಗೆ ಒಂದು ವಿಡಿಯೊ ಹುಡುಕಿದೆ. ಒಬ್ಬ ಮಹಾಶಯ ಹಿಂದಿಯಲ್ಲಿ ಎಷ್ಟು ವೇಗವಾಗಿ ಮಾತಾಡಿದನೆಂದರೆ, ನನ್ನ ಕಿವಿ ಅವನ ನಮಸ್ಕಾರ ದಾಟುವ ಮೊದಲೇ ಅವನು ರಿಪೇರಿ ಮುಗಿಸಿ ಧನ್ಯವಾದ ಹೇಳಿದ್ದ. ಹೊತ್ತು ಹನ್ನೊಂದಕ್ಕೆ ಹತ್ತಿರವಾಗುತ್ತಿತ್ತು. ಗಿರಿಜಾ ಕುರ್ಚಿಯ ಮೇಲೆ ಕೈಕಟ್ಟಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳು ನನ್ನನ್ನು ಬೈದಿದ್ದರೂ ಚೆನ್ನಾಗಿತ್ತು.

ಆಗ ನಾನು ನನಗೆ ಗೊತ್ತಿದ್ದ ಒಂದೇ ಒಂದು ವಿದ್ಯೆಯನ್ನು ಬಳಸಿದೆ. ದನದ ಸಂತೆಯಲ್ಲಿ ಎತ್ತು ಕೊಳ್ಳುವಾಗ ಎದುರಿನಿಂದಷ್ಟೇ ನೋಡಿ ಕೊಳ್ಳುವುದಿಲ್ಲ. ಸುತ್ತ ಬಂದು, ಬಗ್ಗಿ, ಕಾಲು ಎತ್ತಿಸಿ ನೋಡುತ್ತೇವೆ. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದೆ. ಎಡಕ್ಕೆ ಏನೂ ಇಲ್ಲ. ಬಲಕ್ಕೆ ಚಾರ್ಜರಿನ ತೂತು. ಮುಂದಿನ ಅಂಚಿನಲ್ಲಿ, ಕೆಳಗಡೆ, ಒಂದು ಸಣ್ಣ ಕೆಂಪು ದಾರ ನೇತಾಡುತ್ತಿತ್ತು. ಜಗ್ಗಿದೆ, ಬರಲಿಲ್ಲ. ಕಣ್ಣು ಹತ್ತಿರ ಒಯ್ದು ನೋಡಿದರೆ, ಅಕ್ಕಿಕಾಳಿನಷ್ಟು, ಅತ್ತಿತ್ತ ಸರಿಯುವ ಒಂದು ಗುಂಡಿ. ಅದರ ಸಂದಿಯಲ್ಲಿ ಅವ್ವನ ಕೌದಿಯ ದಾರ ಸಿಕ್ಕಿಬಿದ್ದಿತ್ತು. ಬಾಜುಕ್ಕೆ ಒಂದು ಕಂಬದಿಂದ ಅಲೆಗಳು ಹೊರಡುವ ಚಿತ್ರ. ಪಕ್ಕದಲ್ಲಿ ಕಿತ್ತಳೆ ಬಣ್ಣದ ದೀಪ. ಬಿಗಿಯಾದ ಚೀಲದಿಂದ ಯಂತ್ರವನ್ನು ಜಗ್ಗಿ ತೆಗೆಯುವಾಗ ಆ ಗುಂಡಿ ಒಂದು ಪಕ್ಕಕ್ಕೆ ಸರಿದುಬಿಟ್ಟಿತ್ತು.

ಉಗುರಿನಿಂದ ಅದನ್ನು ಇನ್ನೊಂದು ಪಕ್ಕಕ್ಕೆ ಸರಿಸಿದೆ. ಕಿತ್ತಳೆ ದೀಪ ನೀಲಿಯಾಯಿತು. ಪರದೆಯ ಮೇಲಿನ ಕೆಂಪು ಗೀಟು ಮಾಯವಾಗಿ, ನಮ್ಮ ಮನೆಯ ವೈಫೈ ಹೆಸರು ಮೂಡಿತು.

"ಬಂತು" ಎಂದೆ. ಅಷ್ಟೇ ಹೇಳಿದ್ದು. ಅಂಥ ಹೊತ್ತಿನಲ್ಲಿ ದೊಡ್ಡವರು ಕಡಿಮೆ ಮಾತಾಡುತ್ತಾರೆ. ಗಿರಿಜಾ ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮದುವೆಯಾದ ಹೊಸದರಲ್ಲಿಯೂ ಅವಳು ನನ್ನನ್ನು ಹಾಗೆ ನೋಡಿದ ನೆನಪಿಲ್ಲ. "ಅಗದಿ ಬೇಸ್ ಮಾಡಿದ್ರಿ. ಇನ್ನ ಬಾಗಲಾ ಮುಂದ ಮಾಡ್ಕೊಂಡ ಹೊರಗ ಕುಂದರ್ರಿ" ಎಂದಳು.

ನಾನು ಪಡಸಾಲೆಯಲ್ಲಿ ರೂಟರ್ ಡಬ್ಬಿಯ ಕೆಳಗೆ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಬೇರೆ ಊರಿನ ದೊಡ್ಡ ವಿದ್ವಾಂಸರೆಲ್ಲ ನನ್ನ ತಲೆಯ ಮೇಲಿನ ಡಬ್ಬಿಯೊಳಗಿಂದಲೇ ಹಾಯ್ದು ಹೋಗುತ್ತಿದ್ದಾರೆಂಬ ಭಾವನೆಯಿಂದ ಬೆನ್ನು ನೆಟ್ಟಗಾಗಿತ್ತು. ಅವ್ವ ಸೌಟು ಸಹ ಸದ್ದಾಗದಂತೆ ಇಟ್ಟು ಬಂದು ನನ್ನ ಬಾಜು ಕೂತಳು. ಬಾಗಿಲಿನ ಆಚೆಯಿಂದ ಗಿರಿಜಾಳ ಧ್ವನಿ ಕೇಳುತ್ತಿತ್ತು. ಅದು ಮನೆಯಲ್ಲಿ ನಾನು ಕೇಳುವ ಧ್ವನಿಯಾಗಿರಲಿಲ್ಲ. ಒಂದೊಂದು ಪ್ರಶ್ನೆಗೂ ಅವಸರವಿಲ್ಲದೆ, ತಡವರಿಸದೆ ಉತ್ತರ ಹೇಳುತ್ತಿದ್ದಳು. ಊರಿಗೆ ಬಂದ ಸೊಸೆಯರು ಹೊಲದ ಹೆಸರನ್ನು ಹೇಗೆ ಉಳಿಸಿದರು, ಪಾಲಾದಾಗ ಹೆಸರು ಹೇಗೆ ಒಡೆಯಿತು ಎಂದೆಲ್ಲ. ನಾನು ಗೋವಿನಜೋಳದ ಬೀಜ ಮಾರುತ್ತಿದ್ದಾಗ ಆ ಕಟ್ಟೆಗಳ ಮೇಲೆ ಇದೆಲ್ಲ ನಡೆದಿತ್ತು.

ಒಬ್ಬ ಪರೀಕ್ಷಕರು, ಒಂದು ಹೆಸರು ತಮಗೆ ಬಹಳ ಹಿಡಿಸಿತು, 'ಸಿಟ್ಟಿನ ಪಟ್ಟಿ' ಎಂದರೇನು ಎಂದು ಕೇಳಿದರು. ನಾನು ಅವ್ವನ ಮುಖ ನೋಡಿದೆ. ಅದು ನಮ್ಮದೇ ಹೊಲ. ನಮ್ಮಜ್ಜ ಅಣ್ಣಂದಿರ ಜೊತೆ ಜಗಳಾಡಿ, ಯಾರಿಗೂ ಬೇಡವಾದ ಕಲ್ಲುಭೂಮಿಯಲ್ಲಿ ಹೋಗಿ ಒಬ್ಬನೇ ಕಲ್ಲು ಆರಿಸಿ ಹಸನು ಮಾಡಿದ ನೆಲ. ಗಿರಿಜಾ ಅದನ್ನೆಲ್ಲ ಹೇಳಿ, "ಸಿಟ್ಟು ಆ ತಲೆಮಾರಿನಲ್ಲೇ ಹೋಯಿತು ಸರ್, ಬೆಳೆ ಇನ್ನೂ ಬರುತ್ತಿದೆ. ಇದನ್ನು ನನಗೆ ಹೇಳಿದವರು ನಮ್ಮ ಯಜಮಾನರು" ಎಂದಳು. ಆಚೆಯಿಂದ ನಗು ಕೇಳಿಸಿತು.

ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿ, "ನಮ್ಮ ಮಾವನ ಜಗಳ ವೈಫೈದಾಗ ಹೊಂಟೈತೇನಲೇ?" ಎಂದಳು.

"ಹೂಂ ಬೇ ಅವ್ವಾ."

"ಇರಲಿ ಬಿಡು. ಭಾಳ ಕಷ್ಟಪಟ್ಟಾರ ಅವರು" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ರೂಟರ್ ನೋಡುವ ನೆಪದಲ್ಲಿ ಮುಖ ಮೇಲೆತ್ತಿದೆ.

ಬಾಗಿಲು ತೆರೆದು ಗಿರಿಜಾ ಹೊರಗೆ ಬಂದಳು. ಅವ್ವನ ಹತ್ತಿರ ನೆಲದ ಮೇಲೆಯೇ ಕೂತು, "ಆತ್ರಿ ಅತ್ತಿ. ಡಾಕ್ಟರ್ ಗಿರಿಜಾ ಅಂತ ಕರದ್ರು" ಎಂದಳು. ಅವ್ವ ಅವಳ ಗಲ್ಲ ಹಿಡಿದು ನೆಟಿಕೆ ಮುರಿದಳು. ನನಗೆ ಹೇಳಬೇಕಾದದ್ದು ಎಷ್ಟೋ ಇತ್ತು. ಆದರೆ ಬಾಯಿಂದ ಹೊರಟದ್ದು, "ನಡುವ ಎಲ್ಲೂ ವೈಫೈ ಹೋಗ್ಲಿಲ್ಲಲಾ?"

"ಇಲ್ರಿ. ಬರೋಬರಿ ಇತ್ತು" ಎಂದು ಅವಳು ನಕ್ಕಳು.

ಅಂದು ಸಂಜೆ ಅಂಗಡಿಗೆ ಬಂದವರಿಗೆಲ್ಲ ಸುದ್ದಿ ಹೇಳಿದೆ. ದಾರ ಎಲ್ಲಿ ನೇತಾಡುತ್ತಿತ್ತು, ಗುಂಡಿ ಎಷ್ಟಿತ್ತು, ಉಗುರು ಯಾವ ಬೆರಳಿನದು ಎಂದು ವಿವರಿಸುವಷ್ಟರಲ್ಲಿ ಹೊತ್ತು ಮುಳುಗಿತು. ನಮ್ಮ ಓಣಿಯ ನಿಂಗಪ್ಪ ಕಾಕಾ ಗೊಬ್ಬರದ ಚೀಲದ ಮೇಲೆ ಕೂತು ಎಲ್ಲ ಕೇಳಿ, "ಅಲ್ಲಪಾ, ಡಾಕ್ಟರ್ ಆದಾಕಿ ಅಕಿನೋ, ನೀನೋ?" ಎಂದ. ಕಾಕಾನಿಗೆ ಗುಂಡಿಯ ವಿಷಯ ಸರಿಯಾಗಿ ತಿಳಿದಿಲ್ಲವೆಂದುಕೊಂಡು ಮತ್ತೆ ಮೊದಲಿನಿಂದ ಹೇಳಿದೆ. ಅವ್ವನಿಗೆ ಮಾತ್ರ ದಾರದ ವಿಷಯ ಹೇಳಲಿಲ್ಲ. ಲ್ಯಾಪ್‌ಟಾಪ್ ಸೆಕೆಗೆ ಉಬ್ಬುತ್ತದೆ, ಚೀಲ ಸ್ವಲ್ಪ ಸಡಿಲ ಮಾಡು ಎಂದೆ. "ಪಾಪ, ಮೊದಲ ಹೇಳೂದಲ್ಲೇನು" ಎಂದು ಅವಳು ಕೂಡಲೇ ಹೊಲಿಗೆ ಬಿಚ್ಚಿದಳು.

ಮುಂದಿನ ಭಾನುವಾರ ಅಣ್ಣಿಗೇರಿಯಲ್ಲಿ ಗಿರಿಜಾಳ ತಂಗಿಯ ಮನೆಯಲ್ಲಿ ಊಟ. ಅವಳ ಗಂಡ, ಅಂದರೆ ನನ್ನ ಷಡ್ಡಕ, ಕಾಳಿನ ವ್ಯಾಪಾರಿ. ವೈಫೈ ಸುದ್ದಿಯನ್ನು ನಾನು ಅವನಿಗೆ ಫೋನಿನಲ್ಲಿ ಆಗಲೇ ಹೇಳಿದ್ದೆ. ಹೋಳಿಗೆ ಉಂಡು ಕೂತಾಗ ಅವನು ತನ್ನ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. "ಅಣ್ಣಾರ, ನಿನ್ನೆಯಿಂದ ಇದರ ವೈಫೈನೂ ಹತ್ತವಲ್ದು. ನೀವು ಬರ್ತೀರಂತ ಯಾರಿಗೂ ಮುಟ್ಟಿಸಿಲ್ಲ ನೋಡ್ರಿ" ಎಂದ. ಮನೆಯವರೆಲ್ಲ ಸುತ್ತ ನೆರೆದರು.

ನಾನು ಅಂಗಿಯ ತೋಳು ಮಡಚಿ, ಯಂತ್ರವನ್ನು ಎತ್ತಿ ಬೆಳಕಿಗೆ ಹಿಡಿದೆ. ಅದು ಹೊಸದು, ಕಟಕ್ ರೊಟ್ಟಿಯಷ್ಟು ತೆಳ್ಳಗೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಮುಂದೆ ನೋಡಿದೆ, ಹಿಂದೆ ನೋಡಿದೆ. ಗುಂಡಿ ಇರಲಿಲ್ಲ. ಮಗುಚಿ ಹಿಡಿದು ಹೊಟ್ಟೆ ನೋಡಿದೆ. ಮತ್ತೆ ಎಡದಿಂದ ಶುರುಮಾಡಿದೆ. "ಭಾರಿ ಬಾರೀಕ ನೋಡ್ತಾರ" ಎಂದು ಷಡ್ಡಕ ಅಲ್ಲಿದ್ದವರಿಗೆ ಮೆಲ್ಲಗೆ ಹೇಳಿದ. ನನ್ನ ವಿದ್ಯೆಯೆಲ್ಲ ಒಂದು ಗುಂಡಿಯಲ್ಲಿತ್ತು, ಆ ಗುಂಡಿ ಮಿಶ್ರಿಕೋಟಿಯಲ್ಲಿತ್ತು.

ಅಷ್ಟರಲ್ಲಿ ಗಿರಿಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ನನ್ನ ಭುಜದ ಮೇಲಿಂದ ಬಗ್ಗಿ, ಕೀಲಿಗಳ ಮೇಲಿನ ಸಾಲಿನಲ್ಲಿ ಸಣ್ಣ ವಿಮಾನದ ಚಿತ್ರವಿದ್ದ ಒಂದನ್ನು ಒತ್ತಿದಳು. ಪರದೆಯಲ್ಲಿ ವೈಫೈ ಮೂಡಿತು. ಪರೀಕ್ಷೆಯ ದಿನದ ಪೇಚಾಟವಾದ ಮೇಲೆ ಅವಳು ಇದನ್ನೂ ಒಂದಿಷ್ಟು ಓದಿಕೊಂಡಿದ್ದಳೆಂದು ಕಾಣುತ್ತದೆ. ಯಾವುದನ್ನೂ ಅರ್ಧಕ್ಕೆ ಬಿಡುವ ಸ್ವಭಾವ ಅವಳದಲ್ಲ.

"ಅಕ್ಕಾ, ನಿನಗ ಇದೆಲ್ಲಾ ಹೆಂಗ ಗೊತ್ತು?" ಎಂದು ತಂಗಿ ಬೆರಗಾಗಿ ಕೇಳಿದಳು.

"ಇವರ ಕಡೇನ ಕಲ್ತೀನವಾ" ಎಂದಳು ಗಿರಿಜಾ, ನನ್ನ ಕಡೆ ನೋಡದೆ.

ಎಲ್ಲರೂ ನನ್ನತ್ತ ತಿರುಗಿದರು. ಷಡ್ಡಕ ಎಲೆಯಡಿಕೆಯ ತಟ್ಟೆಯನ್ನು ಬಹಳ ಗೌರವದಿಂದ ನನ್ನ ಮುಂದೆ ಸರಿಸಿದ. ನಾನು ತೋಳು ಇಳಿಸಿ, ಎಲೆಗೆ ಸುಣ್ಣ ಹಚ್ಚತೊಡಗಿದೆ. ಡಾಕ್ಟರೇಟ್ ಪಡೆದವರ ಮಾತನ್ನು ನನ್ನಂಥವನು ನಾಲ್ಕು ಜನರ ಮುಂದೆ ಅಲ್ಲಗಳೆಯುವುದು ಸರಿಯಲ್ಲವೆಂದು ಸುಮ್ಮನಿದ್ದೆ.